ಐಲಿ ಮಾರಿದ ಉಬ್ಬದ ಬ್ರೆಡ್ಡು

ಐಲಿ ಟೆರ್ವೊ ನನ್ನ ಅಡುಗೆಮನೆಯ ಬಾಗಿಲಿಗೆ ತಾಗಿಸಿ ಮೇಜು ಹಾಕಿಕೊಂಡ ದಿನ ನಾನು ಏಪ್ರನ್ ಕೂಡ ಬಿಚ್ಚದೆ ನೇರ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಜಗಳ ತೆಗೆದೆ. ಇಪ್ಪತ್ತಾರು ವರ್ಷದಿಂದ ಈ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಹಾಕುತ್ತಿರುವವಳು ನಾನು. ಡೋರಾ ಎಂದರೆ ಊರಿಗೆಲ್ಲ ಗೊತ್ತು, ನನ್ನ ಬಾಯಿಯೂ ಗೊತ್ತು. ಊಟಕ್ಕೆ ಮೊದಲೇ ಮಕ್ಕಳ ಹೊಟ್ಟೆಗೆ ಸಿಹಿ ಬ್ರೆಡ್ಡು ಬಿದ್ದರೆ ನಾನು ಮಾಡಿದ ಸೂಪನ್ನು ಯಾರು ಮೂಸುತ್ತಾರೆ?

"ಊಟ ಆದ್ಮೇಲೇ ಮಾರ್ತಾಳಂತೆ ಡೋರಾ," ಎಂದರು ಹೆಡ್‌ಮಾಸ್ಟರು.

"ಪುಡಿ ಯಾರು ಗುಡಿಸೋದು? ನಾನಾ?"

"ಅವಳೇ ಗುಡಿಸ್ತಾಳಂತೆ. ಬರೆದೇ ಕೊಟ್ಟಿದ್ದಾಳೆ, ನೋಡಿ."

ಕಾಗದದಲ್ಲಿ ಎಂಟು ಸಾಲು ಇತ್ತು. ನಾನು ಯಾವ ಯಾವ ತಕರಾರು ತೆಗೆಯಬಹುದೋ ಅಷ್ಟಕ್ಕೂ ಹುಡುಗಿ ಮೊದಲೇ ಉತ್ತರ ಬರೆದಿಟ್ಟಿದ್ದಳು. ನನ್ನ ಬಾಯಿ ಕಟ್ಟಿತು. ಹದಿನೈದು ವರ್ಷದ ಹುಡುಗಿಯ ಎದುರು ಬಾಯಿ ಕಟ್ಟಿಸಿಕೊಂಡದ್ದು ಅದೇ ಮೊದಲು, ಅದಕ್ಕೇ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ನೋಡುವುದಕ್ಕೆ ಅಂಥ ವಿಶೇಷವೇನೂ ಇಲ್ಲದ ಹುಡುಗಿ. ಗುಂಡು ಮುಖ, ದಪ್ಪ ಕನ್ನಡಕ, ಅಜ್ಜನ ಹಳೇ ಉಣ್ಣೆ ಅಂಗಿ. ಓದಿನಲ್ಲಿ ಅಷ್ಟಕ್ಕಷ್ಟೆ. ಆಟದ ಮೈದಾನದಲ್ಲಿ ಅವಳಿಗೆ ಚೆಂಡು ಎಸೆದರೆ ಹಿಡಿಯುವ ಬದಲು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಆದರೆ ನಿಸು ಮಾಡುವುದಕ್ಕೆ ಕೂತರೆ ಆ ಕೈಯೇ ಬೇರೆ. ನಿಸು ಎಂದರೆ ಮಿಶಿಗನ್ನಿನ ಈ ಮೇಲ್ತುದಿಯಲ್ಲಿ ಫಿನ್ನಿಶ್ ಮನೆಗಳಲ್ಲೆಲ್ಲ ಮಾಡುವ ಸಿಹಿ ಬ್ರೆಡ್ಡು. ಹಾಲು, ಬೆಣ್ಣೆ, ಮೊಟ್ಟೆ ಹಾಕಿ, ಏಲಕ್ಕಿ ಕುಟ್ಟಿ ಬೆರೆಸಿ, ಹಿಟ್ಟು ಉಬ್ಬಿದ ಮೇಲೆ ಮೂರು ಎಳೆ ಮಾಡಿ ಜಡೆ ಹೆಣೆದು ಬೇಯಿಸುತ್ತಾರೆ. ಈಗಿನ ಹೆಂಗಸರು ಏಲಕ್ಕಿ ಪುಡಿಯನ್ನು ಡಬ್ಬಿಯಲ್ಲಿ ತರುತ್ತಾರೆ. ಐಲಿ ಮಾತ್ರ ಕಾಯಿ ಸುಲಿದು ಒರಳಿನಲ್ಲಿ ತರಿತರಿಯಾಗಿ ಕುಟ್ಟುತ್ತಿದ್ದಳು. ಗುರುವಾರ ಅವಳು ಡಬ್ಬ ತೆರೆದರೆ ಆ ಪರಿಮಳ ನನ್ನ ಬಾಗಿಲು ದಾಟಿ ಒಳಗೆ ಬಂದು, ನಾನು ಮುಖ ಊದಿಸಿಕೊಂಡಿದ್ದರೂ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು.

ವ್ಯಾಪಾರದ ನಯ ನಾಜೂಕು ಮಾತ್ರ ಒಂದು ಚೂರೂ ಇಲ್ಲ. ಮೊದಲ ವಾರ ಅರ್ಧದಷ್ಟು ತಳ ಸೀದಿತ್ತು. ಬಂದವರಿಗೆಲ್ಲ ಅವಳೇ ಮೊದಲು ಹೇಳುತ್ತಿದ್ದಳು, "ಇದರ ತಳ ಸೀದಿದೆ. ಕೆರೆದು ತಿನ್ನಿ."

"ಹಾಗೆಲ್ಲ ಹೇಳಿದ್ರೆ ಯಾರೇ ತಗೋತಾರೆ? ಮಾರೋ ಲಕ್ಷಣಾನಾ ಇದು?" ಎಂದು ನಾನು ಬಾಗಿಲಿನಿಂದಲೇ ಗದರಿದೆ.

"ಮನೆಗೆ ಹೋದ್ಮೇಲೆ ಹೇಗೂ ಗೊತ್ತಾಗುತ್ತಲ್ಲ ಮಿಸ್ ಡೋರಾ," ಎಂದಳು.

ಇಷ್ಟೆಲ್ಲ ಯಾಕೆ ಎಂದರೆ, ಇಲ್ಮಾಳಿಗಾಗಿ. ಇಲ್ಮಾ ಹಿಲ್ತುನೆನ್ ಮೂವತ್ತೊಂಬತ್ತು ವರ್ಷ ನಮ್ಮ ಶಾಲೆಯ ಬಸ್ಸು ಓಡಿಸಿದವಳು. ಎಂಥಾ ಹಿಮ ಬಿದ್ದರೂ ಊರಿನ ಮಕ್ಕಳನ್ನು ಹೊತ್ತು ತಂದವಳು, ನನ್ನನ್ನೂ ನನ್ನ ಮಕ್ಕಳನ್ನೂ ಸೇರಿಸಿ. ಈಗ ಎಪ್ಪತ್ತೊಂಬತ್ತು. ಈ ವರ್ಷ ಏಪ್ರಿಲಿನಲ್ಲಿ ಕಿಡ್ನಿ ಕೈಕೊಟ್ಟಿತು. ಸೋಮವಾರ, ಬುಧವಾರ, ಶುಕ್ರವಾರ ಎಪ್ಪತ್ತು ಮೈಲಿ ದೂರದ ಪಟ್ಟಣಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಚರ್ಚಿನ ಹಳೇ ವ್ಯಾನು ಇದೆ, ನಿವೃತ್ತರಾದ ನಾಲ್ಕೈದು ಜನ ಗಂಡಸರು ಸರದಿಯಲ್ಲಿ ಪುಕ್ಕಟೆ ಓಡಿಸುತ್ತಾರೆ. ಆದರೆ ಅದರ ಟೈರುಗಳು ಸವೆದು ಹಪ್ಪಳವಾಗಿದ್ದವು. ಹಿಮ ಬಿದ್ದ ಮೇಲೆ ಆ ಟೈರಿನಲ್ಲಿ ಗಾಡಿ ಹೊರಡಿಸುವುದಿಲ್ಲ ಎಂದು ಚರ್ಚಿನ ಸಮಿತಿ ಖಡಾಖಂಡಿತ ಹೇಳಿತು.

ಸೆಪ್ಟೆಂಬರಿನ ಒಂದು ಭಾನುವಾರ, ಪ್ರಾರ್ಥನೆ ಮುಗಿಸಿ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಇಲ್ಮಾ ತಣ್ಣಗೆ ಹೇಳಿದಳು, "ಹಿಮ ಬೀಳೋ ತನಕ ಹೋಗ್ತೀನಿ. ಆಮೇಲೆ ನಿಲ್ಲಿಸ್ಬಿಡ್ತೀನಿ. ಸಾಕು."

ನಿಲ್ಲಿಸುವುದು ಎಂದರೆ ಏನು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೆಚ್ಚೆಂದರೆ ಎರಡು ವಾರ. ಯಾರೋ ದುಡ್ಡು ಕೂಡಿಸೋಣ ಎಂದರು. ಇಲ್ಮಾ ಸಿಡಿದು ಬಿದ್ದಳು. "ನನ್ನ ಹೆಸರಲ್ಲಿ ತಟ್ಟೆ ತಿರುಗಿಸಿದ್ರೆ ಆ ವ್ಯಾನಿಗೆ ಕಾಲೇ ಇಡಲ್ಲ ನಾನು, ನೆನಪಿರಲಿ!" ನಾವೆಲ್ಲ ನಮ್ಮ ನಮ್ಮ ಕಪ್ಪಿನೊಳಗೆ ಮುಖ ಹುದುಗಿಸಿದೆವು. ಎಂಜಲು ಕಪ್ಪು ಎತ್ತುತ್ತಿದ್ದ ಐಲಿ ಮಾತ್ರ ನಿಂತು ಕೇಳಿದಳು.

"ನಾನು ಬ್ರೆಡ್ಡು ಮಾರಿದ್ರೆ? ಅವರು ದುಡ್ಡು ಕೊಡ್ತಾರೆ, ಬ್ರೆಡ್ಡು ತಿಂತಾರೆ. ಅಲ್ಲಿಗೆ ಚುಕ್ತಾ. ನಾನು ವ್ಯಾನಿಗೆ ಟೈರು ಹಾಕಿಸ್ತೀನಿ. ವ್ಯಾನು ಚರ್ಚಿಂದು."

ಇಲ್ಮಾ ತನ್ನ ಖಾಲಿ ಕಪ್ಪನ್ನು ಅವಳ ಕೈಗೆ ಕೊಟ್ಟಳು. "ಏಲಕ್ಕಿ ಜಾಸ್ತಿ ಹಾಕು. ನಿಮ್ಮಜ್ಜಿ ಕೈ ಬಿಗಿ ಮಾಡ್ತಿದ್ಲು," ಎಂದಳು. ಅದೇ ಒಪ್ಪಿಗೆ.

ಹೀಗೆ ಸೆಪ್ಟೆಂಬರಿನಿಂದ ಪ್ರತಿ ಗುರುವಾರ ಮೇಜು ಬಂತು. ಮಕ್ಕಳು ಹೋಳು ಕೊಂಡರು, ಟೀಚರುಗಳು ಇಡೀ ಜಡೆ ಕೊಂಡರು, ಊರಿನವರೂ ದಾರಿ ತಪ್ಪಿದವರ ಹಾಗೆ ಗುರುವಾರವೇ ಶಾಲೆಗೆ ಬರತೊಡಗಿದರು. ನವೆಂಬರಿನ ಹೊತ್ತಿಗೆ ಎರಡು ಟೈರಿನ ಹಣ ಆಗಿತ್ತು. ಟೈರು ಅಂಗಡಿಯವನು, ಹಾಕಿದರೆ ನಾಲ್ಕೂ ಹಾಕಬೇಕು, ಎರಡು ಹಾಕಿ ಹಿಮಕ್ಕೆ ಬಿಟ್ಟರೆ ಇನ್ನೂ ಅಪಾಯ ಎಂದುಬಿಟ್ಟ. ಹಿಮ ಬೀಳುವ ಮೊದಲು ಉಳಿದಿದ್ದದ್ದು ಒಂದೇ ಗುರುವಾರ, ಹದಿನಾಲ್ಕನೇ ತಾರೀಕು.

ಹದಿನೈದು ನಮ್ಮಲ್ಲಿ ಜಿಂಕೆ ಬೇಟೆ ಶುರುವಾಗುವ ದಿನ. ಆವತ್ತು ಶಾಲೆಗೂ ರಜೆ. ಗಂಡಸರು ಹಿಂದಿನ ದಿನವೇ ಟ್ರಕ್ಕಿನಲ್ಲಿ ಸಾಮಾನು ತುಂಬಿಕೊಂಡು ಕಾಡಿನ ಕ್ಯಾಂಪಿಗೆ ಹೊರಟುಬಿಡುತ್ತಾರೆ, ಅರ್ಧಕ್ಕರ್ಧ ಹೆಂಗಸರೂ ಹೋಗುತ್ತಾರೆ. ಕ್ಯಾಂಪಿಗೆ ಬ್ರೆಡ್ಡು ಬೇಕೇ ಬೇಕು. ಹಾಗಾಗಿ ಆ ಒಂದು ದಿನ ಎರಡು ಟೈರಿನಷ್ಟು ಮಾರಬಹುದು ಎಂದು ಐಲಿ ಅಂದಾಜು ಮಾಡಿದ್ದಳು. ಸೋಮವಾರವೇ ನನ್ನ ಹತ್ತಿರ ಬಂದಳು.

"ಮಿಸ್ ಡೋರಾ, ಬುಧವಾರ ಸಂಜೆ ನಿಮ್ಮ ಅಡುಗೆಮನೆ ಕೊಡ್ತೀರಾ? ನಲವತ್ತು ಜಡೆ ಮಾಡಬೇಕು. ನಮ್ಮನೇಲಿ ಹಿಟ್ಟು ಉಬ್ಬಿಸೋಕೆ ಜಾಗ ಇಲ್ಲ, ಚಳಿ ಬೇರೆ."

"ನನ್ನ ಒಲೆ ಮುಟ್ಟಿದ್ರೆ ಕೈ ಮುರೀತೀನಿ," ಎಂದೆ ನಾನು. ತಮಾಷೆಗೆ ಎಂದು ಈಗ ಹೇಳಿಕೊಳ್ಳಬಹುದು. ತಮಾಷೆಯಲ್ಲ. ನನ್ನ ಅಡುಗೆಮನೆಗೆ ಇನ್ನೊಬ್ಬರು ಕಾಲಿಟ್ಟರೆ ನನಗೆ ಆಗಿಬರುವುದಿಲ್ಲ, ಅಷ್ಟೇ. ಅವಳು ಸರಿ ಎಂದು ಹೊರಟುಹೋದಳು.

ಹೋಗಿ ಏನು ಮಾಡಿದಳು ಕೇಳಿ. ಅವರ ಹಿತ್ತಲಿನಲ್ಲಿ ಸೌನಾ ಇದೆ. ಇಲ್ಲಿ ಎಲ್ಲರ ಹಿತ್ತಲಲ್ಲೂ ಇರುತ್ತದೆ, ಒಲೆಯ ಮೇಲೆ ಕಲ್ಲು ಕಾಯಿಸಿ, ನೀರು ಚಿಮುಕಿಸಿ, ಆವಿಯಲ್ಲಿ ಬೆವರಿ ಮೀಯುವ ಮರದ ಕೋಣೆ. ಬುಧವಾರ ಶಾಲೆ ಬಿಟ್ಟ ಕೂಡಲೇ ಏಳು ದೊಡ್ಡ ಬೋಗುಣಿಗಳಲ್ಲಿ ಹಿಟ್ಟು ನಾದಿ, ಸೌನಾದ ಹಲಗೆಗಳ ಮೇಲೆ ಸಾಲಾಗಿ ಇಟ್ಟು, ಬಟ್ಟೆ ಮುಚ್ಚಿ, ಒಲೆಗೆ ನಾಲ್ಕೇ ನಾಲ್ಕು ಸಣ್ಣ ಕಟ್ಟಿಗೆ ಕೊಟ್ಟಳು. ಕೋಣೆ ಉಗುರುಬೆಚ್ಚಗೆ ಆದರೆ ಸಾಕು, ಹಿಟ್ಟು ತಾನೇ ಉಬ್ಬುತ್ತದೆ. ಆಮೇಲೆ ಮನೆಯೊಳಗೆ ಹೋಗಿ ಏಲಕ್ಕಿ ಸುಲಿಯುತ್ತಾ ಕೂತಳು.

ಐದು ಗಂಟೆಗೆ ಅವಳ ಅಜ್ಜ ಆರ್ವಿಡ್ ಮನೆಗೆ ಬಂದ. ಬೇಟೆಗೆ ಹೊರಡುವ ಮುಂಚೆ ಚೆನ್ನಾಗಿ ಮಿಂದು ಹೋಗುವುದು ನಮ್ಮ ಗಂಡಸರ ಪದ್ಧತಿ. ಸೌನಾದ ಚಿಮಣಿಯಲ್ಲಿ ಸಣ್ಣಗೆ ಹೊಗೆ ಕಂಡಿತು. ಮುದುಕನಿಗೆ ಹಿಗ್ಗೋ ಹಿಗ್ಗು. ನನ್ನ ಮೊಮ್ಮಗಳು ನನಗಾಗಿ ಸೌನಾ ಹಚ್ಚಿಟ್ಟಿದ್ದಾಳೆ, ಪಾಪ, ಬೆಂಕಿ ಸಾಲದು ಎಂದುಕೊಂಡ. ಒಲೆಯ ಬಾಯಿ ಇರುವುದು ಹೊರಕೋಣೆಯಲ್ಲಿ. ಒಳಗೆ ಇಣುಕದೆ ಒಂದು ತೋಳು ಬರ್ಚ್ ಕಟ್ಟಿಗೆ ತುರುಕಿ, ಬಂದೂಕು ಒರೆಸಲು ಕೂತ. ಮುಕ್ಕಾಲು ಗಂಟೆಯ ಮೇಲೆ ಬಟ್ಟೆ ಬಿಚ್ಚಿ ಟವೆಲ್ಲು ಸುತ್ತಿಕೊಂಡು ಬಾಗಿಲು ತೆಗೆದವನಿಗೆ ಏಳು ಬೋಗುಣಿ ಹಿಟ್ಟು ಎದುರುಗೊಂಡಿತು. ಮೇಲೆ ಗಟ್ಟಿ ಪದರ, ಒಳಗೆ ಯೀಸ್ಟು ಸತ್ತು ಅಂಟು ಮುದ್ದೆ. ಇನ್ನು ಏಳು ಜನ್ಮಕ್ಕೂ ಅದು ಉಬ್ಬುವುದಿಲ್ಲ.

"ಅಲ್ಲ ಕಣೇ, ಸೌನಾ ಇರೋದು ಮೀಯೋಕೆ! ಹಿಟ್ಟಿಗೆ ಯಾಕೇ ಸೌನಾ?" ಎಂದು ಅವಳಿಗೇ ರೇಗಿದನಂತೆ. ತಪ್ಪಾಯಿತು ಎನ್ನುವ ಮಾತು ಆರ್ವಿಡ್‌ನ ಬಾಯಲ್ಲಿ ಯಾರೂ ಕೇಳಿದವರಿಲ್ಲ.

ಮಾರನೆಯ ಬೆಳಿಗ್ಗೆ ಐಲಿ ಡಬ್ಬಗಳನ್ನು ಹೊತ್ತು ಬಂದಾಗ ಇದನ್ನೆಲ್ಲ ನನಗೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ನನ್ನ ಅಡುಗೆಮನೆ ಆ ಸಂಜೆ ಬೆಚ್ಚಗೆ, ಖಾಲಿ ಬಿದ್ದಿತ್ತು. ಬೀಗ ಹಾಕಿದವಳು ನಾನೇ.

"ಮತ್ತೆ ಡಬ್ಬದಲ್ಲಿ ಏನೇ ಇದೆ?"

"ಹಿಟ್ಟು ಬಿಸಾಕೋಕಾಗುತ್ತಾ? ಬೆಂದ ಪದರ ಕಿತ್ತು ತೆಗ್ದೆ. ಉಳಿದದ್ದನ್ನ ತೆಳ್ಳಗೆ ಲಟ್ಟಿಸಿ, ಸಕ್ಕರೆ ಏಲಕ್ಕಿ ಉದುರಿಸಿ, ಗರಿಗರಿ ಆಗೋ ತನಕ ಬೇಯಿಸ್ದೆ."

ಕಂದು ಬಣ್ಣದ, ಚಪ್ಪಟೆ, ಹಲಗೆಯಂಥ ಚೂರುಗಳು. ಬಾಯಿಗೆ ಹಾಕಿದೆ. ನನ್ನ ಕಟ್ಟುಹಲ್ಲು ಕೈಗೆ ಬರುವುದೊಂದು ಬಾಕಿ. ಕಾಫಿಗೆ ಅದ್ದಿ ನೋಡಿದೆ. ಅದ್ದಿದ ಮೇಲೆ ಮಾತ್ರ ಸೊಗಸಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಿಸು ಎಂದು ಕಾದು ಬಂದವರು ಇದನ್ನು ಯಾಕೆ ಕೊಳ್ಳುತ್ತಾರೆ? ಮುಗಿಯಿತು ಕಥೆ, ಎಂದುಕೊಂಡೆ. ಹುಡುಗಿ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಮುಂದೆ ನಿಲ್ಲಿಸಿದಳು: 'ನಮ್ಮ ಅಜ್ಜ ಸೌನಾದಲ್ಲಿ ಬೇಯಿಸಿದ ಹಿಟ್ಟು. ಉಬ್ಬಿಲ್ಲ. ಗಟ್ಟಿ ಇದೆ. ಕಾಫಿಗೆ ಅದ್ದಿ ತಿನ್ನಿ. ಬೆಲೆ ಮೊದಲಿನಷ್ಟೇ.'

"ಬೆಲೆನಾದ್ರೂ ಇಳಿಸೇ ತಾಯಿ," ಎಂದೆ.

"ಟೈರಿನ ಬೆಲೆ ಇಳಿದಿಲ್ಲ," ಎಂದಳು.

ಮಕ್ಕಳ ಊಟ ಮುಗಿಯುವ ಹೊತ್ತಿಗೆ ಕ್ಯಾಂಪಿಗೆ ಹೊರಟವರ ಟ್ರಕ್ಕುಗಳು ಶಾಲೆಯ ಮುಂದೆ ನಿಲ್ಲತೊಡಗಿದವು. ಮೊದಲು ಬಂದವನು ರೂಡಿ, ಹಿಂದೆ ಊರಿಗೆಲ್ಲ ಟಪಾಲು ಹಂಚುತ್ತಿದ್ದವನು, ಈಗ ವ್ಯಾನು ಓಡಿಸುವವರ ಮುಖ್ಯಸ್ಥ. ರಟ್ಟನ್ನು ಓದಿದ. ಮತ್ತೆ ಗಟ್ಟಿಯಾಗಿ ಓದಿದ. ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದ.

"ಆರ್ವಿಡ್? ಆರ್ವಿಡ್ ಬ್ರೆಡ್ಡಿಗೆ ಸ್ನಾನ ಮಾಡ್ಸಿದ್ನಾ? ನನಗೆ ನಾಲ್ಕು ಕಟ್ಟು ಕೊಡಮ್ಮ. ಇದನ್ನ ಕ್ಯಾಂಪಿನ ಗೋಡೆಗೆ ಮೊಳೆ ಹೊಡೀತೀನಿ! ಹೋದ ವರ್ಷ ನನ್ನ ಬಂದೂಕಿಗೆ ಗುಂಡು ಹಾಕೋದು ಮರೆತಿದ್ದಕ್ಕೆ ಹದಿನೈದು ದಿನ ಆಡ್ಕೊಂಡಿದ್ದ ಮುದುಕ!"

ಅಲ್ಲಿಂದ ಸುದ್ದಿ ಟ್ರಕ್ಕಿನಿಂದ ಟ್ರಕ್ಕಿಗೆ ಹಾರಿತು. ಆರ್ವಿಡ್‌ನ ನಾಲಿಗೆಯ ಏಟು ತಿನ್ನದ ಗಂಡಸು ಈ ಸೀಮೆಯಲ್ಲಿ ಇಲ್ಲ. ಪ್ರತಿಯೊಬ್ಬನಿಗೂ ಕ್ಯಾಂಪಿಗೆ ಒಯ್ಯಲು ಸಾಕ್ಷಿ ಬೇಕಿತ್ತು. ಒಬ್ಬರು ಎರಡು ಕೊಂಡರೆ ಇನ್ನೊಬ್ಬರು ಐದು. ಮುಕ್ಕಾಲು ಗಂಟೆಯಲ್ಲಿ ಮೇಜಿನ ಮೇಲೆ ಪುಡಿ ಮಾತ್ರ ಉಳಿಯಿತು. ಐಲಿ ಒಂದು ಸಲವೂ ನಗಲಿಲ್ಲ. ಹಣದ ಡಬ್ಬ ಮುಚ್ಚಿ, ಹೆಡ್‌ಮಾಸ್ಟರ ಕಾರಿನಲ್ಲಿ ಟೈರು ಅಂಗಡಿಗೆ ಹೋದಳು. ಅಂಗಡಿಯವನೂ ಕ್ಯಾಂಪಿಗೆ ಹೊರಡುವ ಆತುರದಲ್ಲಿದ್ದ, ಆದರೂ ಚರ್ಚಿನ ಅಂಗಳಕ್ಕೇ ಬಂದು ವ್ಯಾನಿಗೆ ನಾಲ್ಕೂ ಟೈರು ಹಾಕಿಕೊಟ್ಟ.

ಹಿಂತಿರುಗಿ ಬಂದು ನೆಲ ಗುಡಿಸುತ್ತಿದ್ದವಳು, ಇನ್ನೂ ಹರಟುತ್ತಾ ನಿಂತಿದ್ದ ರೂಡಿಯನ್ನು ಕೇಳಿದಳು, "ನಾಳೆ ವ್ಯಾನು ಯಾರು ಓಡಿಸ್ತಾರೆ?"

"ನಾಳೆ? ನಾಳೆ ಹದಿನೈದಲ್ವೇನಮ್ಮ?"

"ನಾಳೆ ಶುಕ್ರವಾರ."

ರೂಡಿ ಜೇಬಿನಿಂದ ಸರದಿ ಪಟ್ಟಿ ತೆಗೆದ. ಮಾರ್ಚಿನ ತನಕ ಎಲ್ಲ ದಿನಕ್ಕೂ ಹೆಸರಿತ್ತು. ಹದಿನೈದರಿಂದ ತಿಂಗಳ ಕೊನೆಯವರೆಗೆ ಮಾತ್ರ ಬಿಳೀ ಕಾಗದ. ಬೇಟೆಯ ಹದಿನೈದು ದಿನಗಳನ್ನು ಈ ಊರಿನಲ್ಲಿ ಯಾರೂ ದಿನ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಪಟ್ಟಿ ಮಾಡಿದ ಐದು ಜನರಿಗೂ, ನೋಡಿದ ನಮಗೂ, ಅಲ್ಲೊಂದು ಖಾಲಿ ಜಾಗ ಇದೆ ಎಂದು ಹೊಳೆದೇ ಇರಲಿಲ್ಲ. ರೂಡಿಯ ಮುಖ ಕೆಂಪಾಯಿತು. ಮಕ್ಕಳು ದೂರದಿಂದ ಬಂದಿದ್ದಾರೆ, ಸಾಮಾನು ಆಗಲೇ ಹೋಗಿದೆ ಎಂದೇನೋ ಗೊಣಗಿದ. ನಾನು ಒಳಗೆ ಪಾತ್ರೆ ಉಜ್ಜುತ್ತಾ ಕೇಳಿಸಿಕೊಂಡೆ. ನನಗೂ ಗಾಡಿ ಓಡಿಸಲು ಬರುತ್ತದೆ. ಆದರೆ ಆರು ವರ್ಷದ ಹಿಂದೆ ಹಿಮದಲ್ಲಿ ಜಾರಿ ಕಾರು ಸಮೇತ ಹಳ್ಳಕ್ಕೆ ಬಿದ್ದ ಮೇಲೆ ಚಳಿಗಾಲದಲ್ಲಿ ಊರ ಗಡಿ ದಾಟಿಲ್ಲ. ಸುಮ್ಮನೆ ಉಜ್ಜುತ್ತಲೇ ಇದ್ದೆ.

ಅಷ್ಟರಲ್ಲಿ ಆರ್ವಿಡ್ ಬಾಗಿಲನ್ನು ದಢಾರನೆ ತಳ್ಳಿಕೊಂಡು ಬಂದ.

"ಊರ ತುಂಬ ನನ್ನ ಮಾನ ಹರಾಜು ಹಾಕಿದ್ಯಲ್ಲೇ! ಪೆಟ್ರೋಲ್ ಬಂಕಿನ ಹುಡುಗಿ ಕೂಡ ಹಲ್ಲು ಕಿರೀತಾಳೆ. ನಾಳೆ ಕ್ಯಾಂಪಿನಲ್ಲಿ ನಾನು ಹೇಗೆ ಮುಖ ತೋರಿಸ್ಲಿ?"

ಐಲಿ ಪೊರಕೆ ಗೋಡೆಗೆ ಒರಗಿಸಿದಳು. "ತೋರಿಸ್ಬೇಡ ಅಜ್ಜ. ನಾಳೆ ವ್ಯಾನು ಓಡಿಸು. ಯಾರೂ ಇಲ್ಲ."

"ನಾಳೆ ಹದಿನೈದು ಕಣೇ!"

"ಇಲ್ಮಾ ಅಜ್ಜಿ ಕಿಡ್ನಿಗೆ ಅದು ಗೊತ್ತಿಲ್ವಲ್ಲ."

ಆರ್ವಿಡ್ ಜೇಬಿಗೆ ಕೈ ಹಾಕಿ ನೋಟು ತೆಗೆದ. "ತಗೋ. ನಿನ್ನ ಹಿಟ್ಟಿನ ನಷ್ಟ. ಯಾರನ್ನಾದ್ರೂ ಗೊತ್ತು ಮಾಡ್ಕೋ."

"ಹಿಟ್ಟು ಮಾರಾಟ ಆಯ್ತು. ದುಡ್ಡು ಬೇಡ, ಡ್ರೈವರ್ ಬೇಕು."

ಮುದುಕ ನೋಟನ್ನು ಮತ್ತೆ ಜೇಬಿಗೆ ತುರುಕಿಕೊಂಡ. ಬಾಗಿಲು ಬಡಿದು ಹೊರಟುಹೋದ. ಹದಿಮೂರನೇ ವಯಸ್ಸಿನಿಂದ ಅವನು ಒಂದೇ ಒಂದು ಹದಿನೈದನೇ ತಾರೀಕನ್ನೂ ತಪ್ಪಿಸಿದವನಲ್ಲ. ಹೆಂಡತಿಗೆ ಹೆರಿಗೆಯಾದ ದಿನವೂ ಕಾಡಿನಲ್ಲಿದ್ದ ಭೂಪ. ಅವನ ಹತ್ತಿರ ಅದನ್ನು ಕೇಳುವ ಎದೆಗಾರಿಕೆ ನನಗಂತೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ, ಮನಸ್ಸು ತಡೆಯದೆ, ನಾನೂ ಚರ್ಚಿನ ಅಂಗಳಕ್ಕೆ ನಡೆದೆ. ಮೊದಲ ಹಿಮ ಪಾದ ಮುಳುಗುವಷ್ಟು ಬಿದ್ದಿತ್ತು. ಐಲಿ ವ್ಯಾನಿನ ಗಾಜು ಕೆರೆಯುತ್ತಿದ್ದಳು. ಪಕ್ಕದಲ್ಲೇ ಮನೆಯಿರುವ ಇಲ್ಮಾ ಚೀಲ ಹಿಡಿದು ಬಂದು ನಿಂತಿದ್ದಳು, ಆದರೆ ಹೊರಡುವುದೇ ಅನುಮಾನ ಎಂಬಂತೆ ಮನೆಯ ದೀಪ ಆರಿಸಿ ಬಂದಿರಲಿಲ್ಲ.

"ಬಿಡು ಮಗೂ," ಎಂದಳು ಇಲ್ಮಾ. "ಹಿಮ ಬಿತ್ತಲ್ಲ. ನಾನು ಹೇಳಿದ್ದೇ ಅಷ್ಟು."

ಐಲಿ ಇನ್ನೊಂದು ಬದಿಯ ಗಾಜಿಗೆ ಹೋದಳು. ಆರೂಕಾಲು ಆಯಿತು. ಆರೂವರೆಗೆ ಹೊರಡದಿದ್ದರೆ ಅಲ್ಲಿ ಹೊತ್ತು ತಪ್ಪುತ್ತದೆ. ನಾನು ಓಡಿಸ್ತೀನಿ ಎನ್ನುವ ಬದಲು ಕೈಯಿಂದ ವ್ಯಾನಿನ ಬಾಗಿಲ ಹಿಮ ಒರೆಸತೊಡಗಿದೆ.

ಆಗ ತಿರುವಿನಲ್ಲಿ ಟ್ರಕ್ಕಿನ ದೀಪ ಕಂಡಿತು. ಆರ್ವಿಡ್ ಇಳಿದ. ಮೈಮೇಲೆ ಬೇಟೆಗೆ ಹಾಕುವ ಕಿತ್ತಳೆ ಬಣ್ಣದ ಉಡುಪು ಹಾಗೇ ಇತ್ತು. ಯಾರ ಮುಖವನ್ನೂ ನೋಡದೆ ನಾಲ್ಕೂ ಟೈರುಗಳನ್ನು ಸುತ್ತಿ ಬಂದು ಒಂದೊಂದಕ್ಕೂ ಒದ್ದ.

"ಏನೋ ಆರ್ವಿಡ್, ದಾರಿ ತಪ್ಪಿದ್ಯಾ? ಕಾಡು ಆ ಕಡೆ," ಎಂದಳು ಇಲ್ಮಾ.

"ಬಾಯ್ಮುಚ್ಚಿ ಹತ್ತು ಮುದುಕಿ. ಮೂವತ್ತೊಂಬತ್ತು ವರ್ಷ ನೀನು ಇನ್ನೊಬ್ಬರನ್ನ ಕೂರಿಸ್ಕೊಂಡು ಓಡಿಸ್ದೆ. ಇವತ್ತು ಕೂತ್ಕೊ."

ವ್ಯಾನು ಹೊರಟಿತು. ಹಿಮದಲ್ಲಿ ಚೂರೂ ಜಾರಲಿಲ್ಲ. ಐಲಿ ಅದು ಮರೆಯಾಗುವ ತನಕ ನೋಡುತ್ತಾ ನಿಂತು, ಕನ್ನಡಕ ತೆಗೆದು ಅಜ್ಜನ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಅತ್ತ ಮುಖ ತಿರುಗಿಸಿದೆ, ಯಾಕೆಂದರೆ ನನ್ನದೂ ಅದೇ ಗತಿಯಾಗಿತ್ತು. ಇಂಥ ಮಗುವಿಗೆ ಒಲೆ ಕೊಡುವುದಿಲ್ಲ ಎಂದೆನಲ್ಲ ಎಂದು ನನ್ನ ಮೇಲೇ ನನಗೆ ಹೇಸಿಗೆಯಾಯಿತು.

"ಮಿಸ್ ಡೋರಾ," ಎಂದಳು, ಕನ್ನಡಕ ಹಾಕಿಕೊಂಡು. "ಸೋಮವಾರ ಖಾಲಿ ಇದೆ."

"ನನಗೆ ಹಿಮದಲ್ಲಿ ಓಡಿಸೋಕೆ ಭಯ ಕಣೇ."

"ಗೊತ್ತು. ಟೈರು ಹೊಸದು."

"ಮಕ್ಕಳ ಊಟ?"

"ಅರ್ಧ ಶಾಲೆ ಕಾಡಲ್ಲಿರುತ್ತೆ. ಉಳಿದವರಿಗೆ ಸ್ಯಾಂಡ್‌ವಿಚ್ ಸಾಕಂತೆ. ಹೆಡ್‌ಮಾಸ್ಟರನ್ನ ನಿನ್ನೆನೇ ಕೇಳಿದೀನಿ. ನಾನೇ ಮಾಡಿಡ್ತೀನಿ, ನೀವು ಅಡುಗೆಮನೆ ಕೀಲಿ ಕೊಟ್ರೆ."

ಕೊಟ್ಟೆ. ಸೋಮವಾರ ಓಡಿಸಿದೆ. ಹೋಗುವಾಗ ಎಪ್ಪತ್ತು ಮೈಲಿ ಸ್ಟೀರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಇಳಿದಾಗ ಬೆರಳು ಬಿಡಿಸಲು ಬರಲಿಲ್ಲ. ಹಿಂದೆ ಕೂತ ಇಲ್ಮಾ ದಾರಿಯುದ್ದಕ್ಕೂ ಬೈದಳು. "ಬ್ರೇಕಿನ ಮೇಲೆ ನಿಲ್ಲಬೇಡ ಕಣೇ!" "ಲಾರಿಗೆ ಜಾಗ ಬಿಡು!" "ಅಯ್ಯೋ ದೇವರೇ, ಇವಳಿಗೆ ಲೈಸೆನ್ಸ್ ಕೊಟ್ಟೋನು ಯಾರು?" ಬರುವಾಗ ಚಿಕಿತ್ಸೆಯ ಆಯಾಸಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂತೇನೋ ಎಂದುಕೊಂಡೆ. ಊರು ಹತ್ತಿರ ಬಂದಾಗ ಹಿಂದಿನಿಂದ ಸಣ್ಣ ದನಿ ಕೇಳಿಸಿತು.

"ಡೋರಾ, ಬುಧವಾರ ಯಾರು ಬರ್ತಾರೆ? ನಿನಗಿಂತ ನೆಟ್ಟಗೆ ಓಡಿಸೋರನ್ನ ಹಾಕೋಕೆ ಹೇಳು ಆ ಹುಡುಗಿಗೆ."